ಹೆಡ್‌ಲೈಟ್ ಹತ್ತುತ್ತಿಲ್ವಾ? ಬಲ್ಬ್ ಕೊಳ್ಳುವ ಮೊದಲು ಇಷ್ಟು ನೋಡಿ

ಕಾರಿನ ಲೈಟ್ ಸ್ವಿಚ್ ತಿರುಗಿಸಿದಿರಿ, ಮುಂದೆ ಬೆಳಕಿಲ್ಲ. ಆಗ ಎಲ್ಲರಿಗೂ ಮೊದಲು ಹೊಳೆಯುವುದು ಬಲ್ಬ್. ಹೊಸದೊಂದು ತಂದು ಹಾಕುತ್ತಾರೆ. ಹತ್ತಿದರೆ ಸರಿ. ಹತ್ತದಿದ್ದರೆ ಫ್ಯೂಸ್, ಆಮೇಲೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ ಡಬ್ಬಿ), ಆಮೇಲೆ ಸ್ವಿಚ್ ಅಂತ ಒಂದೊಂದೇ ಬದಲಾಯಿಸುತ್ತಾ ಹೋಗಿ, ಕೊನೆಗೆ ಹಳೇ ಸಾಮಾನಿನ ಗುಡ್ಡೆ ಬೆಳೆದಿರುತ್ತದೆ, ಲೈಟ್ ಮಾತ್ರ ಹತ್ತಿರುವುದಿಲ್ಲ. ನಾನೂ ಹಾಗೇ ಮಾಡಿದವನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಅರ್ಥ್ ವೈರ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ವೈರ್) ಹಾಳಾಗಿದ್ದಾಗ ಎರಡು ಒಳ್ಳೇ ಬಲ್ಬ್ ಕಿತ್ತು ಹಾಕಿದ್ದೆ. ಆ ಕಥೆ ಮುಂದೆ ಬರುತ್ತದೆ.

ಯಾವ ಲೈಟ್ ಹೋಗಿದೆ ಅಂತ ಮಾತ್ರ ನೋಡಬೇಡಿ. ಯಾವುದು ಇನ್ನೂ ಹತ್ತುತ್ತಿದೆ ಅಂತ ನೋಡಿ. ಸುಳಿವು ಜಾಸ್ತಿ ಸಿಗುವುದು ಅಲ್ಲಿ. ಅದಕ್ಕೆ ಒಂದು ಸ್ಪ್ಯಾನರ್ ಕೂಡ ಬೇಡ.

ರಾತ್ರಿ ರಸ್ತೆಯಲ್ಲೇ ಕೈಕೊಟ್ಟರೆ

ಕಾರು ಮನೆ ಮುಂದೆ ನಿಂತಿದ್ದರೆ ಈ ಭಾಗ ಬಿಟ್ಟು ಮುಂದೆ ಓದಿ. ಓಡಿಸುತ್ತಿರುವಾಗಲೇ ಲೈಟ್ ಹೋದರೆ ಗಾಬರಿಯಲ್ಲಿ ಬ್ರೇಕ್ ಒತ್ತಿಬಿಡಬೇಡಿ, ಹಿಂದೆ ಬರುವವನಿಗೆ ನಿಮ್ಮ ಕಷ್ಟ ಗೊತ್ತಿರುವುದಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಹಜಾರ್ಡ್ ಹಾಕಿ. ಡಿಮ್‌ನಲ್ಲಿದ್ದರೆ ಬ್ರೈಟ್‌ಗೆ ಹಾಕಿ ನೋಡಿ. ಪಾಸ್ ಕೊಡುವ, ಅಂದರೆ ಬ್ರೈಟ್ ಮಿಣುಕಿಸುವ ಲಿವರ್ ಎಳೆದು ಹಿಡಿಯಿರಿ. ಎಷ್ಟೋ ಕಾರುಗಳಲ್ಲಿ ಅದಕ್ಕೆ ಕರೆಂಟ್ ಬೇರೆ ದಾರಿಯಲ್ಲಿ ಬರುತ್ತದೆ, ಹಾಗಾಗಿ ಸ್ವಿಚ್ ಸತ್ತಿದ್ದರೂ ಅದು ಹತ್ತಬಹುದು. ಫಾಗ್ ಲ್ಯಾಂಪ್ ಇದ್ದರೆ ಅದೂ ಸರಿ. ಇವೆಲ್ಲ ರಸ್ತೆ ಬದಿಗೆ ತಂದು ನಿಲ್ಲಿಸುವವರೆಗೆ ಮಾತ್ರ, ಊರು ಸೇರುವುದಕ್ಕಲ್ಲ.

ಗೋಡೆಗೆ ಮುಖ ಮಾಡಿ ನಿಲ್ಲಿಸಿ

ಕತ್ತಲಾದ ಮೇಲೆ ಕಾರನ್ನು ಗೋಡೆಯ ಎದುರು ತಂದು ನಿಲ್ಲಿಸಿ. ಡಿಮ್ ಹಾಕಿ, ಬ್ರೈಟ್ ಹಾಕಿ, ಪಾಸ್ ಕೊಡಿ, ಪಾರ್ಕಿಂಗ್ ಲೈಟ್, ಇಂಡಿಕೇಟರ್, ಹಾರ್ನ್, ಎಲ್ಲ ನೋಡಿ. ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಸುಮ್ನೆ ನೆನಪಿನ ಮೇಲೆ ಬಿಡಬೇಡಿ, ಅರ್ಧ ಗಂಟೆ ಬಾನೆಟ್ ಒಳಗೆ ತಲೆ ಹಾಕಿದ ಮೇಲೆ ಎಡ ಯಾವುದು ಬಲ ಯಾವುದು ಅಂತಲೇ ಮರೆತುಹೋಗುತ್ತದೆ.

ಒಂದೇ ಕಡೆ, ಅದರಲ್ಲೂ ಡಿಮ್ ಮಾತ್ರ ಅಥವಾ ಬ್ರೈಟ್ ಮಾತ್ರ ಹೋಗಿದ್ದರೆ ಬಹುತೇಕ ಬಲ್ಬೇ. ಇಲ್ಲದಿದ್ದರೆ ಅದರ ಹೋಲ್ಡರ್, ಅಥವಾ ಆ ಕಡೆಯ ಫ್ಯೂಸ್.

ಒಂದೇ ಕಡೆ ಡಿಮ್ ಬ್ರೈಟ್ ಎರಡೂ ಹೋಗಿದ್ದರೆ ಸ್ವಲ್ಪ ತಡೆಯಿರಿ. ಎಚ್4 ಬಲ್ಬ್ ಆದರೆ ಒಂದೇ ಗಾಜಿನೊಳಗೆ ಎರಡು ಫಿಲಮೆಂಟ್ (ಉರಿಯುವ ತಂತಿ) ಇರುತ್ತವೆ, ಡಿಮ್‌ಗೆ 55 ವ್ಯಾಟ್, ಬ್ರೈಟ್‌ಗೆ 60. ಎರಡೂ ಒಂದೇ ದಿನ ಸುಟ್ಟುಹೋಗುವುದು ಅಪರೂಪ. ಎರಡಕ್ಕೂ ಸೇರಿ ಇರುವ ಒಂದೇ ಪಿನ್ ಅಂದರೆ ಕಾಮನ್ ಪಿನ್. ಅನುಮಾನ ಅದರ ಮೇಲೆ ಹೋಗಬೇಕು. ನಾನು ಎಡವಿದ್ದು ಇಲ್ಲೇ.

ಎರಡೂ ಕಡೆ ಡಿಮ್ ಇಲ್ಲ, ಬ್ರೈಟ್ ಇದೆ ಅಂದರೆ ಡಿಮ್‌ನ ರಿಲೇ ಅಥವಾ ಸ್ಟೀರಿಂಗ್ ಪಕ್ಕದ ಲಿವರ್ ಸ್ವಿಚ್ ಇರಬಹುದು. ಆದರೆ ಎರಡೂ ಬಲ್ಬ್ ಹೋಗಿರುವ ಸಾಧ್ಯತೆಯನ್ನೂ ತಳ್ಳಿಹಾಕಬೇಡಿ. ಒಟ್ಟಿಗೆ ಹೋಗಿರಬೇಕು ಅಂತೇನಿಲ್ಲ. ಒಂದು ಹೋಗಿ ತಿಂಗಳಾಗಿರುತ್ತದೆ, ಇನ್ನೊಂದರ ಬೆಳಕಲ್ಲಿ ಗೊತ್ತೇ ಆಗಿರುವುದಿಲ್ಲ. ಅದೂ ಹೋದ ದಿನ "ಎರಡೂ ಒಟ್ಟಿಗೆ ಹೋಯ್ತು" ಅನ್ನುತ್ತೇವೆ.

ಡಿಮ್ ಬ್ರೈಟ್ ಎರಡೂ, ಎರಡೂ ಕಡೆ ಇಲ್ಲ, ಉಳಿದದ್ದೆಲ್ಲ ಸರಿ ಇದೆ ಅಂದರೆ ಮುಖ್ಯ ಫ್ಯೂಸ್, ರಿಲೇ, ಸ್ವಿಚ್ ಕಡೆ ಹೋಗಿ. ಹಾರ್ನ್ ಕೂಡ ನರಳುತ್ತಿದ್ದರೆ, ಡ್ಯಾಶ್‌ಬೋರ್ಡ್ ದೀಪಗಳೂ ಮಂಕಾಗಿದ್ದರೆ ಅದು ಹೆಡ್‌ಲೈಟ್ ತೊಂದರೆಯೇ ಅಲ್ಲ, ಬ್ಯಾಟರಿ ನೋಡಿ.

ಇನ್ನೊಂದು ವಿಚಿತ್ರ ಲಕ್ಷಣ ಇದೆ. ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ಲೈಟ್ ಕೂಡ ಮಿಣುಕುತ್ತದೆ, ಅಥವಾ ಡಿಮ್ ಹಾಕಿದರೆ ಬ್ರೈಟ್ ಕೂಡ ಕೆಂಪಗೆ ಸಣ್ಣಗೆ ಹೊಳೆಯುತ್ತದೆ. ಭೂತಚೇಷ್ಟೆ ಅಲ್ಲ. ವಾಪಸ್ ಹೋಗುವ ದಾರಿ ಕಟ್ಟಿಹೋಗಿ, ಕರೆಂಟ್ ಪಕ್ಕದ ಬಲ್ಬಿನ ಮೂಲಕ ನುಸುಳಿ ಹೋಗುತ್ತಿದೆ. ಅರ್ಥ್ ಹಾಳು ಅಂತ ಅಲ್ಲೇ ಬರೆದುಕೊಳ್ಳಿ.

ಬಲ್ಬ್ ತೆಗೆಯುವಾಗ

ಲೈಟ್ ಆಫ್, ಕೀ ಆಫ್, ಹತ್ತು ಹದಿನೈದು ನಿಮಿಷ ಬಿಡಿ. ಹ್ಯಾಲೊಜನ್ ಬಲ್ಬಿನ ಗಾಜು ಉರಿಯುವಾಗ 250 ಡಿಗ್ರಿ ದಾಟಿರುತ್ತದೆ, ಒಳಗೆ ಅನಿಲ ಒತ್ತಡದಲ್ಲಿರುತ್ತದೆ. ಕನ್ನಡಕ ಹಾಕಿಕೊಂಡರೆ ಒಳ್ಳೆಯದು. ನಿಮ್ಮದು ಝೆನಾನ್ ಲೈಟ್ ಆಗಿದ್ದರೆ ಮಾತ್ರ ಇಲ್ಲಿಗೇ ನಿಲ್ಲಿಸಿ, ಅದರ ಬಗ್ಗೆ ಕೆಳಗೆ ಹೇಳಿದ್ದೇನೆ.

ಹಿಂದಿನ ರಬ್ಬರ್ ಮುಚ್ಚಳ ತೆಗೆದು, ಹೋಲ್ಡರ್ ಎಳೆದು, ತಂತಿಯ ಕ್ಲಿಪ್ ಬಿಡಿಸಿದರೆ ಬಲ್ಬ್ ಕೈಗೆ ಬರುತ್ತದೆ. ಹೋಲ್ಡರ್ ಎಳೆಯುವಾಗ ವೈರ್ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ಹಿಡಿದು ಆಚೀಚೆ ಅಲುಗಾಡಿಸುತ್ತಾ ಎಳೆಯಿರಿ. ಕ್ಲಿಪ್ ಯಾವ ಕಡೆಗೆ ಬಿಚ್ಚಿಕೊಂಡಿತು ಅಂತ ನೋಡಿಟ್ಟುಕೊಳ್ಳಿ, ಇಲ್ಲವೇ ಮೊಬೈಲಲ್ಲಿ ಒಂದು ಫೋಟೊ ತೆಗೆಯಿರಿ. ವಾಪಸ್ ಹಾಕುವಾಗ ಬೆರಳ ತುದಿಯಲ್ಲೇ ನೋಡಬೇಕಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಬೆಳಕಿಗೆ ಹಿಡಿದು ನೋಡಿ. ಫಿಲಮೆಂಟ್ ತುಂಡಾಗಿದ್ದರೆ ಸಾಮಾನ್ಯವಾಗಿ ಕಾಣುತ್ತದೆ. ಗಾಜು ಒಳಗಿನಿಂದ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ. ಕಪ್ಪಗಾಗಿದ್ದರೆ ಆಯಸ್ಸು ಮುಗಿದಿದೆ. ಏನೂ ಕಾಣದಿದ್ದರೆ ಮಲ್ಟಿಮೀಟರ್‌ನಲ್ಲಿ (ವೋಲ್ಟ್, ಓಮ್ ಅಳೆಯುವ ಮೀಟರ್) ಓಮ್, ಅಂದರೆ ಪ್ರತಿರೋಧ ನೋಡಿ. ತಣ್ಣಗಿರುವ ಒಳ್ಳೇ ಬಲ್ಬ್ 1 ಓಮ್‌ಗಿಂತಲೂ ಕಮ್ಮಿ ತೋರಿಸುತ್ತದೆ. ಅದನ್ನು ನೋಡಿ ಶಾರ್ಟ್ ಆಗಿದೆ ಅಂದುಕೊಳ್ಳಬೇಡಿ, ಬಿಸಿಯಾದಾಗ ಏರುತ್ತದೆ.

ಮೀಟರ್ ಇಲ್ವಾ? ಎಡಗಡೆ ಬಲ್ಬ್ ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕಿ. ತೊಂದರೆ ಬಲ್ಬಿನ ಜೊತೆ ಹೋದರೆ ಬಲ್ಬ್ ಕೆಟ್ಟಿದೆ. ತೊಂದರೆ ಅಲ್ಲೇ ಕೂತಿದ್ದರೆ ಬಲ್ಬ್ ಸರಿಯಿದೆ, ಹೊಸದು ತರಬೇಡಿ. ನನಗೆ ಗೊತ್ತಿರುವ ಪರೀಕ್ಷೆಗಳಲ್ಲಿ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ, ಆದರೂ ಯಾಕೋ ಯಾರೂ ಮಾಡುವುದಿಲ್ಲ.

ಹೋಲ್ಡರನ್ನೂ ತಿರುಗಿಸಿ ನೋಡಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಒಂದು ಪಿನ್ನಿನ ಸುತ್ತ ಕರಗಿದ್ದರೆ, ಅಲ್ಲಿ ಲೂಸ್ ಕನೆಕ್ಷನ್ ಇತ್ತು, ಬಿಸಿಯಾಗಿ ಬೆಂದಿದೆ. ಹೊಸ ಬಲ್ಬ್ ಹಾಕಿದರೂ ನಾಲ್ಕು ದಿನ. ಹೋಲ್ಡರ್ ಬದಲಾಯಿಸಲೇಬೇಕು. 100 ವ್ಯಾಟ್ ಬಲ್ಬ್ ಹಾಕಿಸಿಕೊಂಡವರ ಕಾರಿನಲ್ಲಿ ಇದು ಮಾಮೂಲು. 55 ವ್ಯಾಟ್ ಬಲ್ಬ್ 12 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 4.6 ಆಂಪ್, 100 ವ್ಯಾಟ್ ಆದರೆ 8ಕ್ಕೂ ಹೆಚ್ಚು. ವೈರ್ ಅದೇ, ಪಿನ್ ಅದೇ. ಬೇಯದೆ ಇನ್ನೇನಾಗುತ್ತದೆ?

ಹೊಸ ಬಲ್ಬಿನ ಗಾಜು ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಜಾಸ್ತಿ ಕಾದು ಬಲ್ಬ್ ಬೇಗ ಹೋಗುತ್ತದೆ. ಮುಟ್ಟಿಬಿಟ್ಟಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ ಹಾಕಿ. ಆದಷ್ಟು ಜೋಡಿಯಾಗಿ ಬದಲಾಯಿಸಿ, ಎರಡೂ ಅಷ್ಟೇ ಹೊತ್ತು ಉರಿದಿರುತ್ತವೆ.

ಫ್ಯೂಸ್ ಮತ್ತು ರಿಲೇ

ಫ್ಯೂಸ್ ಡಬ್ಬಿ ಸಾಮಾನ್ಯವಾಗಿ ಎರಡು ಇರುತ್ತವೆ, ಒಂದು ಡ್ಯಾಶ್‌ಬೋರ್ಡ್ ಕೆಳಗೆ, ಇನ್ನೊಂದು ಬಾನೆಟ್ ಒಳಗೆ. ಯಾವುದು ಹೆಡ್‌ಲೈಟಿನದು ಅಂತ ಮುಚ್ಚಳದ ಒಳಗೆ ಅಥವಾ ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ. ತುಂಬಾ ಕಾರುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಫ್ಯೂಸ್, ಒಂದು ಹೋದರೂ ಇನ್ನೊಂದು ಉಳಿಯಲಿ ಅಂತ. ಕೆಂಪು ಬಣ್ಣದ್ದು 10 ಆಂಪ್, ನೀಲಿ 15, ಹಳದಿ 20.

ಕಿತ್ತು ಕಣ್ಣಿಗೆ ಹಿಡಿದು ನೋಡುವುದಕ್ಕಿಂತ ಇದು ಒಳ್ಳೆಯದು: ಲೈಟ್ ಆನ್ ಇಟ್ಟು, ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಕಪ್ಪು ತುದಿಯನ್ನು ಬ್ಯಾಟರಿ ಮೈನಸ್‌ಗೆ ಹಿಡಿಯಿರಿ. ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತವೆ. ಕೆಂಪು ತುದಿಯಿಂದ ಎರಡನ್ನೂ ಮುಟ್ಟಿ. ಎರಡರಲ್ಲೂ 12 ಬಂದರೆ ಫ್ಯೂಸ್ ಸರಿ, ತೊಂದರೆ ಮುಂದೆ ಬಲ್ಬಿನ ಕಡೆ ಇದೆ. ಒಂದರಲ್ಲಿ ಮಾತ್ರ ಬಂದರೆ ಫ್ಯೂಸ್ ಹೋಗಿದೆ. ಎರಡರಲ್ಲೂ ಇಲ್ಲದಿದ್ದರೆ ಕರೆಂಟ್ ಇಲ್ಲಿವರೆಗೆ ಬಂದೇ ಇಲ್ಲ, ಹಿಂದಕ್ಕೆ, ರಿಲೇ ಮತ್ತು ಸ್ವಿಚ್ ಕಡೆ ಹೋಗಬೇಕು. ಹಿಂದಿದೆಯೋ ಮುಂದಿದೆಯೋ ಅನ್ನುವುದು ಈ ಒಂದು ನಿಮಿಷದ ಕೆಲಸದಲ್ಲಿ ತೀರ್ಮಾನ ಆಗುತ್ತದೆ.

ಹೊಸ ಫ್ಯೂಸ್ ಹಾಕಿದ ತಕ್ಷಣ ಮತ್ತೆ ಹೋದರೆ ಎಲ್ಲೋ ಶಾರ್ಟ್ ಇದೆ. ದೊಡ್ಡ ಆಂಪ್‌ನದು ಹಾಕುವುದು, ಬೆಳ್ಳಿ ಕಾಗದ ಸುತ್ತುವುದು, ತಂತಿ ಕಟ್ಟುವುದು, ಇವೆಲ್ಲ ಕಾರು ಸುಡುವ ದಾರಿಗಳು. ಬಲ್ಬಿನ ಹೋಲ್ಡರ್ ಕಿತ್ತಿಟ್ಟು ಸರಿಯಾದ ಫ್ಯೂಸೇ ಹಾಕಿ ಲೈಟ್ ಆನ್ ಮಾಡಿ. ಈಗ ನಿಂತರೆ ದೋಷ ಬಲ್ಬಿನಲ್ಲಿದೆ. ಈಗಲೂ ಹೋದರೆ ವೈರಿನಲ್ಲಿ ಅಥವಾ ಹೋಲ್ಡರಿನಲ್ಲಿ. ವೈರ್ ತಗಡಿನ ಅಂಚಿಗೆ ಉಜ್ಜುವ ಕಡೆ, ಲೈಟಿನ ಹಿಂದೆ ಬಾಗುವ ಕಡೆ ನೋಡಿ. ಕಾರು ಬಹಳ ದಿನ ನಿಂತಿದ್ದರೆ ಇಲಿ ಕಡಿದಿದೆಯಾ ಅಂತ ಕೂಡ. ಹಿಕ್ಕೆ ಕಂಡರೆ ಅನುಮಾನವೇ ಬೇಡ.

ರಿಲೇ ಪರೀಕ್ಷೆ ಸುಲಭ. ಒಬ್ಬರು ಸ್ವಿಚ್ ಹಾಕಿ ತೆಗೆಯಲಿ, ನೀವು ರಿಲೇ ಮೇಲೆ ಬೆರಳಿಡಿ. ಟಕ್ ಅಂತ ಬೆರಳಿಗೆ ಗೊತ್ತಾಗಬೇಕು. ಟಕ್ ಅನ್ನುತ್ತಿಲ್ಲ ಅಂದರೆ ಸ್ವಿಚ್ಚಿನಿಂದ ಸಿಗ್ನಲ್ ಬರುತ್ತಿಲ್ಲ, ಇಲ್ಲವೇ ರಿಲೇ ಒಳಗಿನ ಕಾಯಿಲ್ (ತಂತಿಯ ಸುರುಳಿ) ಹೋಗಿದೆ. ಟಕ್ ಅಂದರೂ ಲೈಟ್ ಇಲ್ಲ ಅಂದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು. ಅದೇ ಡಬ್ಬಿಯಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಸಾಮಾನ್ಯವಾಗಿ ಇರುತ್ತದೆ, ಹೆಚ್ಚಾಗಿ ಹಾರ್ನ್‌ನದು. ಅದಲುಬದಲು ಮಾಡಿ. ಲೈಟ್ ಹತ್ತಿ ಹಾರ್ನ್ ಹೋದರೆ ಉತ್ತರ ಸಿಕ್ಕಿತು, ಅಲ್ವಾ? ಪಿನ್ನಿನ ಪಕ್ಕ ಬರೆದಿರುವ 85, 86 ಕಾಯಿಲಿನವು, 30ಕ್ಕೆ ಕರೆಂಟ್ ಬರುತ್ತದೆ, 87ರಿಂದ ಲೈಟಿಗೆ ಹೋಗುತ್ತದೆ.

ಇತ್ತೀಚಿನ ಎಷ್ಟೋ ಕಾರುಗಳಲ್ಲಿ ಹೆಡ್‌ಲೈಟಿಗೆ ರಿಲೇನೇ ಇರುವುದಿಲ್ಲ. ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನುವ ಡಬ್ಬಿಯೇ ನೇರವಾಗಿ ಕರೆಂಟ್ ಕೊಡುತ್ತದೆ. ಶಾರ್ಟ್ ಕಂಡರೆ ತಾನಾಗಿಯೇ ಆ ಲೈನ್ ಮುಚ್ಚಿಬಿಡುತ್ತದೆ. ನೀವು ವೈರ್ ಸರಿ ಮಾಡಿದ ಮೇಲೂ ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಹಾಕಿ ಕೋಡ್ (ಆ ಡಬ್ಬಿ ಬರೆದಿಟ್ಟುಕೊಂಡ ದೋಷದ ಗುರುತು) ಅಳಿಸುವವರೆಗೆ ಲೈಟ್ ಕೊಡುವುದಿಲ್ಲ. ಅಂಥ ಕಾರಿನಲ್ಲಿ ಅಲ್ಲಿ ಇಲ್ಲಿ ವೈರ್ ಸಿಕ್ಕಿಸಿ ಪ್ರಯೋಗ ಮಾಡಬೇಡಿ, ಸ್ಕ್ಯಾನರ್ ಇರುವವರ ಹತ್ತಿರ ಹೋಗಿ.

ಅರ್ಥ್, ಅಂದರೆ ನನ್ನ ಮರ್ಯಾದೆ ಹೋದ ಜಾಗ

ಎಡಗಡೆ ಡಿಮ್ ಬ್ರೈಟ್ ಎರಡೂ ಹೋಗಿತ್ತು. ಬಲ್ಬ್ ಬದಲಾಯಿಸಿದೆ, ಹತ್ತಲಿಲ್ಲ. ಬಲ್ಬೇ ಡೂಪ್ಲಿಕೇಟ್ ಇರಬೇಕು ಅಂತ ಇನ್ನೊಂದು ತಂದೆ, ಅದೂ ಹತ್ತಲಿಲ್ಲ. ಮೀಟರ್ ತಂದು ಹೋಲ್ಡರಿನ ಪಿನ್ನುಗಳ ನಡುವೆ ಹಿಡಿದೆ, 12.4 ವೋಲ್ಟ್ ತೋರಿಸುತ್ತಿದೆ. ಕರೆಂಟ್ ಬರುತ್ತಿದೆ, ಬಲ್ಬ್ ಹೊಸದು, ಆದರೂ ಕತ್ತಲು. ಎರಡು ಸಂಜೆ ಹೀಗೇ ಹೋಯಿತು.

ಮೀಟರ್ ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ಪ್ರಶ್ನೆ ತಪ್ಪು. ಮೀಟರ್ ಹೆಚ್ಚುಕಮ್ಮಿ ಕರೆಂಟ್ ಎಳೆಯುವುದೇ ಇಲ್ಲ. ಹತ್ತಾರು ಎಳೆಯ ವೈರಿನಲ್ಲಿ ಕಿಲುಬು ತಿಂದ ಒಂದೇ ಎಳೆ ಉಳಿದಿದ್ದರೂ ಅದಕ್ಕೆ ಪೂರ್ತಿ 12 ವೋಲ್ಟ್ ಕಾಣುತ್ತದೆ. ಬಲ್ಬ್ ಹಾಕಿ 4-5 ಆಂಪ್ ಎಳೆಯಲು ಹೋದ ಕೂಡಲೇ ವೋಲ್ಟೇಜ್ ಎಲ್ಲ ಆ ಒಂದೆಳೆಯಲ್ಲೇ ಕಳೆದುಹೋಗುತ್ತದೆ. ಅದಕ್ಕೇ ಹಳೇ ಎಲೆಕ್ಟ್ರಿಷಿಯನ್‌ಗಳು ಮೀಟರ್ ಬಿಟ್ಟು ಟೆಸ್ಟ್ ಲ್ಯಾಂಪ್ ಹಿಡಿಯುವುದು. 21 ವ್ಯಾಟ್‌ನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿದರೆ ಟೆಸ್ಟ್ ಲ್ಯಾಂಪ್ ರೆಡಿ. ಹೋಲ್ಡರ್ ಪಿನ್ನಿಗೆ ಹಿಡಿದಾಗ ಝಗ್ ಅಂತ ಹತ್ತಿದರೆ ಲೈನ್ ಸರಿ. ಮಂಕಾಗಿ ಹತ್ತಿದರೆ, ಹತ್ತದೇ ಇದ್ದರೆ, ಎಲ್ಲೋ ದಾರಿ ಕಟ್ಟಿದೆ. ಹ್ಯಾಲೊಜನ್ ಲೈನಿಗೆ ಮಾತ್ರ ಇದನ್ನು ಹಿಡಿಯಿರಿ, ಎಲ್‌ಇಡಿ ಅಥವಾ ಸಿಗ್ನಲ್ ವೈರ್‌ಗಳಿಗೆ ಬೇಡ.

ನನ್ನ ಕಾರಿನಲ್ಲಿ ಲ್ಯಾಂಪ್ ಹತ್ತಲಿಲ್ಲ. ಅರ್ಥ್ ತುದಿಯನ್ನು ಹೋಲ್ಡರಿನಿಂದ ತೆಗೆದು ನೇರ ಬ್ಯಾಟರಿ ಮೈನಸ್‌ಗೆ ಇಟ್ಟೆ, ಝಗ್ ಅಂತು. ಸರಿ, ಕಪ್ಪು ವೈರ್ ಹಿಡಿದು ಹೊರಟೆ. ಲೈಟಿನ ಹಿಂದೆ ಬಾಡಿಗೆ ಬಿಗಿದ ಒಂದು ಬೋಲ್ಟ್‌ಗೆ ಅದು ಹೋಗಿ ಸೇರುತ್ತಿತ್ತು. ಮೇಲಿಂದ ನೋಡಿದರೆ ವೈರ್ ಹೊಸದರ ಹಾಗೇ ಇದೆ. ಬೋಲ್ಟಿನ ಹತ್ತಿರ ಬಗ್ಗಿಸಿದಾಗ ಮಾತ್ರ ಆ ಒಂದು ಇಂಚು ಮೆತ್ತಗೆ ಅನಿಸಿತು, ಒಳಗೆ ತಿರುಳೇ ಇಲ್ಲದ ದಂಟಿನ ಹಾಗೆ. ಸ್ವಲ್ಪ ಎಳೆದೆ, ಕೈಗೇ ಬಂತು. ಒಳಗೆ ತಾಮ್ರ ಇರಲಿಲ್ಲ, ಹಸಿರು ಪುಡಿ ಇತ್ತು, ಅದರ ನಡುವೆ ಒಂದೇ ಒಂದು ಎಳೆ. ಕೆಂಪು ತಾಮ್ರ ಕಾಣುವವರೆಗೆ ವೈರ್ ಕತ್ತರಿಸಿ, ಹೊಸ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ತುದಿ) ಒತ್ತಿ, ಬೋಲ್ಟಿನ ಸುತ್ತ ಬಣ್ಣ ಮತ್ತು ತುಕ್ಕು ಕೆರೆದು ಬಿಗಿದೆ. ಹತ್ತು ನಿಮಿಷದ ಕೆಲಸ. ಆ ಎರಡು ಬಲ್ಬ್ ಈಗಲೂ ಡಿಕ್ಕಿಯಲ್ಲಿವೆ, ಎರಡೂ ಹತ್ತುತ್ತವೆ.

ಮೀಟರಿನಲ್ಲೇ ನೋಡಬೇಕು ಅಂದರೆ ಬಲ್ಬ್ ಹಾಕಿ ಲೈಟ್ ಆನ್ ಇಟ್ಟು ನೋಡಿ. ಕಪ್ಪು ತುದಿ ಬ್ಯಾಟರಿ ಮೈನಸ್‌ಗೆ, ಕೆಂಪು ತುದಿ ಹೋಲ್ಡರಿನ ಹಿಂದಿನಿಂದ ಅರ್ಥ್ ಪಿನ್ನಿಗೆ. 0.2 ವೋಲ್ಟ್ ಒಳಗೆ ಬಂದರೆ ಚೆನ್ನಾಗಿದೆ. 0.5 ದಾಟಿದರೆ ಅರ್ಥ್ ಬಿಚ್ಚಿ ಉಜ್ಜಿ. ಲೈಟ್ ಹತ್ತುತ್ತದೆ ಆದರೆ ಮಂಕು ಅನ್ನುವವರೂ ಇದನ್ನೇ ಮಾಡಿ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ 10 ಪರ್ಸೆಂಟ್ ಕಮ್ಮಿಯಾದರೆ ಬೆಳಕು ಸುಮಾರು 30 ಪರ್ಸೆಂಟ್ ಬಿದ್ದುಹೋಗುತ್ತದೆ.

ಒಂದು ಎಚ್ಚರಿಕೆ. ಕೆಲವು ಕಾರುಗಳಲ್ಲಿ, ಜಪಾನಿನ ಎಷ್ಟೋ ಮಾಡೆಲ್‌ಗಳಲ್ಲಿ, ಎಚ್4 ವೈರಿಂಗ್ ಉಲ್ಟಾ ಇರುತ್ತದೆ. ಕಾಮನ್ ಪಿನ್ನಿಗೆ ಬರುವುದು ಪ್ಲಸ್, ಸ್ವಿಚ್ ಇರುವುದು ಅರ್ಥ್ ಕಡೆ. ಗೊತ್ತಿಲ್ಲದೆ ಕಾಮನ್ ಪಿನ್ನನ್ನು ಮೈನಸ್‌ಗೆ ಸೇರಿಸಿದರೆ ಫ್ಯೂಸ್ ಢಂ. ಮೊದಲು ಯಾವ ಪಿನ್ನಿನಲ್ಲಿ 12 ಇದೆ ಅಂತ ನೋಡಿ, ಆಮೇಲೆ ವೈರ್ ಸೇರಿಸಿ.

ಸ್ವಿಚ್

ಲಿವರ್ ಅಲುಗಾಡಿಸಿದರೆ ಲೈಟ್ ಬಂದು ಹೋಗುತ್ತದೆ, ಪಾಸ್ ಹತ್ತುತ್ತದೆ ಆದರೆ ಡಿಮ್ ನಿಲ್ಲುವುದಿಲ್ಲ, ಲಿವರ್ ಬುಡ ಬಿಸಿಯಾಗುತ್ತದೆ, ಇವೆಲ್ಲ ಸ್ವಿಚ್ಚಿನ ಲಕ್ಷಣ. ಸ್ವಿಚ್ 'ಆಟೋ' ಅನ್ನುವಲ್ಲಿ ಇಟ್ಟಾಗ ಹತ್ತದೆ, ಕೈಯಲ್ಲಿ ಹಾಕಿದಾಗ ಮಾತ್ರ ಹತ್ತಿದರೆ ಬೆಳಕಿನ ಸೆನ್ಸರ್ ನೋಡಿ. ಸ್ಟೀರಿಂಗ್ ಸುತ್ತ ಬಿಚ್ಚುವ ಕೆಲಸಕ್ಕೆ ಮಾತ್ರ ನೀವು ಕೈ ಹಾಕಬೇಡಿ, ಅಲ್ಲಿ ಏರ್‌ಬ್ಯಾಗ್ ಇದೆ.

ಬಲ್ಬ್ ಪದೇ ಪದೇ ಹೋಗುತ್ತಿದ್ದರೆ

ಎಂಜಿನ್ ಓಡಿಸಿ ಬ್ಯಾಟರಿ ವೋಲ್ಟೇಜ್ ನೋಡಿ. ಸಾಮಾನ್ಯವಾಗಿ 13.8ರಿಂದ 14.4 ಇರಬೇಕು. 15 ದಾಟಿದರೆ ಆಲ್ಟರ್ನೇಟರಿನ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ವೋಲ್ಟೇಜ್ 5 ಪರ್ಸೆಂಟ್ ಏರಿದರೆ ಸಾಕು, ಬಲ್ಬಿನ ಆಯಸ್ಸು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ವೋಲ್ಟೇಜ್ ಸರಿಯಿದ್ದು ಒಂದೇ ಕಡೆ ಹೋಗುತ್ತಿದ್ದರೆ ಲೈಟಿನೊಳಗೆ ನೀರು ಸೇರುತ್ತಿದೆಯಾ, ಬಲ್ಬ್ ಅಲುಗಾಡುತ್ತಿದೆಯಾ ನೋಡಿ. ಹಿಂದಿನ ರಬ್ಬರ್ ಮುಚ್ಚಳ ಹಾಕಲು ಮರೆತ ಕಾರುಗಳು ಲೆಕ್ಕವಿಲ್ಲದಷ್ಟು.

ಝೆನಾನ್, ಎಲ್‌ಇಡಿ

ಝೆನಾನ್ ಬಲ್ಬ್ ಹತ್ತುವ ಕ್ಷಣಕ್ಕೆ 20,000 ವೋಲ್ಟ್‌ಗೂ ಹೆಚ್ಚು ಬೇಕು. ಜೀವಕ್ಕೆ ಅಪಾಯ, ಸ್ವಿಚ್ ಆನ್ ಇದ್ದಾಗ ಹತ್ತಿರ ಹೋಗಬೇಡಿ. ಬೆಳಕು ಗುಲಾಬಿ ಬಣ್ಣಕ್ಕೆ ತಿರುಗುತ್ತಾ ಬಂದಿದ್ದರೆ ಬಲ್ಬ್ ಮುಗಿಯಿತು. ಬಣ್ಣ ಸರಿಯಿದ್ದು, ಹತ್ತಿ ಹತ್ತಿ ಆರುತ್ತಿದ್ದರೆ ಬಲಾಸ್ಟ್ (ಝೆನಾನ್ ಬಲ್ಬಿಗೆ ಬೇಕಾದ ವೋಲ್ಟೇಜ್ ಕೊಡುವ ಡಬ್ಬಿ) ಮೇಲೂ ಅನುಮಾನ ಪಡಬೇಕು. ಕೆಲಸ ಗೊತ್ತಿರುವವರಿಗೇ ಕೊಡಿ.

ಕಂಪನಿಯಿಂದಲೇ ಬಂದ ಎಲ್‌ಇಡಿ ಲೈಟಿನಲ್ಲಿ ಬಿಚ್ಚಿ ಹಾಕುವ ಬಲ್ಬೇ ಇಲ್ಲದಿರಬಹುದು. ನೀವು ಮಾಡಬಹುದಾದದ್ದು ಫ್ಯೂಸ್, ಕನೆಕ್ಟರ್, ಅರ್ಥ್ ನೋಡುವುದು ಅಷ್ಟೇ. ಹ್ಯಾಲೊಜನ್ ಜಾಗದಲ್ಲಿ ಎಲ್‌ಇಡಿ ಹಾಕಿಸಿಕೊಂಡು ಮಿಣುಕುತ್ತಿದೆ ಅನ್ನುವವರು ಮೊದಲು ಹಳೇ ಹ್ಯಾಲೊಜನ್ ವಾಪಸ್ ಹಾಕಿ ನೋಡಿ. ಎಲ್‌ಇಡಿ ಕಮ್ಮಿ ಕರೆಂಟ್ ಎಳೆಯುವುದರಿಂದ ಕೆಲವು ಕಾರಿನ ಕಂಪ್ಯೂಟರ್ ಬಲ್ಬೇ ಇಲ್ಲ ಅಂದುಕೊಂಡು ಲೈನ್ ಕಟ್ ಮಾಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಆ ರಿಫ್ಲೆಕ್ಟರ್ ಮಾಡಿರುವುದು ಹ್ಯಾಲೊಜನ್ ಫಿಲಮೆಂಟಿಗೆ. ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ನನಗಂತೂ ಇಷ್ಟವಿಲ್ಲ.

ಮುಚ್ಚುವ ಮೊದಲು

ಎಲ್ಲ ಹತ್ತಿತಾ? ಮತ್ತೆ ಅದೇ ಗೋಡೆಯ ಎದುರು ನಿಲ್ಲಿಸಿ, ಡಿಮ್ ಹಾಕಿ. ಎರಡೂ ಬೆಳಕಿನ ಮೇಲಿನ ಗೆರೆ ಒಂದೇ ಎತ್ತರದಲ್ಲಿ ಇರಬೇಕು. ಒಂದು ಆಕಾಶ ನೋಡುತ್ತಿದ್ದರೆ ಅಡ್ಜಸ್ಟ್ ಸ್ಕ್ರೂ ತಿರುಗಿಸಲು ಹೋಗಬೇಡಿ, ಬಹುತೇಕ ಬಲ್ಬಿನ ಕಿವಿ (ಬುಡದಲ್ಲಿ ಚಾಚಿಕೊಂಡ ತಗಡು) ಲೈಟಿನ ಕಚ್ಚಿನಲ್ಲಿ ಸರಿಯಾಗಿ ಕೂತಿರುವುದಿಲ್ಲ. ತಣ್ಣಗಾಗಲು ಬಿಟ್ಟು ತೆಗೆದು, ಎಲ್ಲ ಕಿವಿಗಳೂ ಕಚ್ಚಿಗೆ ಕೂರುವ ಹಾಗೆ ಮತ್ತೆ ಹಾಕಿ, ಕ್ಲಿಪ್ ಟಕ್ ಅನ್ನಿಸಿ, ರಬ್ಬರ್ ಮುಚ್ಚಳವನ್ನು ಸುತ್ತಲೂ ಬೆರಳಾಡಿಸಿ ಒತ್ತಿ.